ಬಾನೆಟ್ ಮೇಲೆ ಬಿಳಿ ನಕ್ಷತ್ರ, ಆರ್‌ಸಿ ಬುಕ್ಕಲ್ಲಿ ಬೇರೆ ಬಣ್ಣ!

ಸಂಜೆ ಆರೂವರೆ. ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣ. ಬನಶಂಕರಿ ಕಡೆಯ ಬಸ್ಸಿನ ಸುಳಿವಿಲ್ಲ, ಮೋಡ ಬೇರೆ ಕವಿದಿದೆ. ಅಷ್ಟರಲ್ಲಿ ಆಟೋಗಳ ಸಂದಿಯಿಂದ ಒಂದು ಜೀಪು ಮೂತಿ ತೂರಿಸುತ್ತದೆ. ಮೈಯೆಲ್ಲ ಹೊಳಪಿಲ್ಲದ ಹಸಿರು, ಬಾನೆಟ್ ಮೇಲೆ ಬಿಳಿ ನಕ್ಷತ್ರ, ಬೆನ್ನಿಗೆ ಪೆಟ್ರೋಲ್ ಡಬ್ಬ, ಪಕ್ಕೆಗೆ ಸಲಿಕೆ, ಕೊಡಲಿ. ನಿಂತವರೆಲ್ಲ ಕತ್ತು ತಿರುಗಿಸುತ್ತಾರೆ.

"ಮಿಲಿಟರಿಯೋರು ಯಾಕಪ್ಪಾ ಈ ಕಡೆ ಬಂದ್ರು?" ಎಂದು ಒಬ್ಬರು ಗಾಬರಿಯಾದರೆ, "ಮಿಲಿಟರೀನೂ ಇಲ್ಲ, ಏನೂ ಇಲ್ಲ ಸಾರ್, ಸಿನಿಮಾ ಶೂಟಿಂಗ್ ಇರ್ಬೇಕು" ಎಂದು ಪಕ್ಕದವರ ಸಮಾಧಾನ.

ಸಾಮಾನ್ಯವಾಗಿ ಎರಡೂ ಅಲ್ಲ! ಎಷ್ಟೋ ಬಾರಿ ಅದು ಯಾರದೋ ಅಪ್ಪನ ಕಾಲದ ಮಹೀಂದ್ರಾ ಜೀಪು. ವರ್ಷಗಟ್ಟಲೆ ಮರದಡಿ ನಿಂತು, ಕಾಗೆ ಗೂಡು ಕಟ್ಟಿಸಿಕೊಂಡು, ಕೊನೆಗೊಂದು ದಿನ ಗ್ಯಾರೇಜು ಸೇರಿ, ಎರಡನೇ ಮಹಾಯುದ್ಧದ ವೇಷ ಹಾಕಿಕೊಂಡು ಹೊರಬಂದಿರುತ್ತದೆ. ನೋಡುವವರಿಗೆ ತಮಾಷೆ. ಆದರೆ ಗಾಡಿಯ ಧಣಿಗೆ ಇದು ತಮಾಷೆಯ ಮಾತಲ್ಲ. ವೇಷ ಒಂದು ಗೆರೆ ದಾಟಿತೆಂದರೆ ದಂಡವೂ ಬಿದ್ದೀತು, ಮುಂದೆ ಸಿಗಬಹುದಾದ ಮರ್ಯಾದೆಯ ನಂಬರೂ ಕೈತಪ್ಪೀತು. ಆ ಗೆರೆ ಎಲ್ಲಿದೆ ಎಂಬುದೇ ಇಲ್ಲಿನ ಪ್ರಶ್ನೆ.

ನಲವತ್ತೊಂಬತ್ತು ದಿನದ ಕೂಸು

ಮೊದಲು ಅಸಲಿ ಯಾವುದು ಅಂತ ತಿಳಿದರೆ ತಾನೆ ನಕಲಿಯ ಮಾತು? 1940ರಲ್ಲಿ ಹಿಟ್ಲರನ ಸೈನ್ಯ ಯುರೋಪನ್ನು ತುಳಿಯುತ್ತಿದ್ದಾಗ ಅಮೆರಿಕದ ಸೈನ್ಯಕ್ಕೆ ಒಂದು ಹಗುರ ಗಾಡಿ ಬೇಕಾಯಿತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗಬೇಕು, ಕೆಸರಿರಲಿ ಕಲ್ಲಿರಲಿ ನಿಲ್ಲಬಾರದು. 135 ಕಂಪನಿಗಳಿಗೆ ಕರೆ ಹೋಯಿತು. ಮಾದರಿ ಗಾಡಿ ಒಪ್ಪಿಸಲು ಕೊಟ್ಟ ಗಡುವು ಬರೇ 49 ದಿನ! ನಮ್ಮಲ್ಲಿ ಮೋರಿ ರಿಪೇರಿಗೂ ಅಷ್ಟು ದಿನ ಸಾಲದು. ಬಾಂಟಮ್ ಎಂಬ ಸಣ್ಣ ಕಂಪನಿ ಆ ವರ್ಷ ಸೆಪ್ಟೆಂಬರ್ 23ರಂದು ಗಾಡಿ ತಂದು ನಿಲ್ಲಿಸಿಯೇಬಿಟ್ಟಿತು.

ಆದರೇನು? ದೊಡ್ಡ ಆರ್ಡರು ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಗಿಡ ನೆಟ್ಟವನೊಬ್ಬ, ಹಣ್ಣು ತಿಂದವನಿನ್ನೊಬ್ಬ. 1941ರಿಂದ 1945ರ ಒಳಗೆ ಇಬ್ಬರೂ ಸೇರಿ ಸುಮಾರು 6 ಲಕ್ಷ 40 ಸಾವಿರ ಜೀಪು ಹೊರತಂದರು. ವಿಲ್ಲೀಸ್ ಗಾಡಿಗೆ 'ಎಂಬಿ' ಎಂದೂ ಫೋರ್ಡ್ ಗಾಡಿಗೆ 'ಜಿಪಿಡಬ್ಲ್ಯು' ಎಂದೂ ಹೆಸರು. ಸುಮಾರು 11 ಅಡಿ ಉದ್ದ, 60 ಅಶ್ವಶಕ್ತಿ ಎಂಜಿನ್. ಎರಡೂ ಅವಳಿ ಮಕ್ಕಳಂತೆ. ಒಂದರ ಭಾಗ ಇನ್ನೊಂದಕ್ಕೆ ಕೂರುತ್ತಿತ್ತು. ಫೋರ್ಡ್ ಮಾತ್ರ ತನ್ನ ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರ ಒತ್ತಿಸಿತ್ತು. ಈಗಲೂ ಹಳೇ ಗಾಡಿಯ ಹುಚ್ಚು ಹಿಡಿದವರು ಗುಜರಿ ರಾಶಿಯಲ್ಲಿ ಆ 'ಎಫ್' ಬೋಲ್ಟು ಸಿಕ್ಕರೆ ಲಾಟರಿ ಹೊಡೆದಷ್ಟು ಹಿಗ್ಗುತ್ತಾರೆ.

ಬೆಂಗಳೂರಿಗೂ ಈ ಯುದ್ಧಕ್ಕೂ ನಂಟಿಲ್ಲವೆಂದು ತಿಳಿಯಬೇಡಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಇಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಒಪ್ಪಿಸಲಾಯಿತು. ಬರ್ಮಾ ಕಡೆ ಹಾರಾಡಿ ಜಖಂ ಆದ ವಿಮಾನಗಳಿಗೆ ಇಲ್ಲೇ ರಿಪೇರಿ. ಅಮೆರಿಕದ ಸೈನ್ಯ ಹೋದ ಕಡೆ ಜೀಪು ಹೋಗದೆ ಇರುತ್ತದೆಯೆ? ಆಗ ಜಯನಗರ ಎಂಬ ಬಡಾವಣೆಯೇ ಇರಲಿಲ್ಲ. ಅದಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಲೆಕ್ಕ ಹಾಕಿದರೆ ಜೀಪೇ ಜಯನಗರಕ್ಕಿಂತ ಹಿರಿಯ!

ಯುದ್ಧ ಮುಗಿದ ಮೇಲೆ ಉಳಿದ ಗಾಡಿಗಳು ಡಿಸ್ಪೋಸಲ್ಲಿಗೆ ಬಂದವು. ಕಾಫಿ ತೋಟದವರು, ಕಂಟ್ರಾಕ್ಟರುಗಳು, ಶಿಕಾರಿ ಶೋಕಿಯವರು ಕೊಂಡರು. ಅತ್ತ 1945ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು 'ಮಹೀಂದ್ರಾ ಅಂಡ್ ಮೊಹಮ್ಮದ್' ಕಂಪನಿ ಹುಟ್ಟಿತ್ತು. ದೇಶ ಒಡೆದಾಗ ಪಾಲುದಾರ ಗುಲಾಂ ಮೊಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು; ಇಲ್ಲಿ 1948ರಲ್ಲಿ ಕಂಪನಿ 'ಮಹೀಂದ್ರಾ ಅಂಡ್ ಮಹೀಂದ್ರಾ' ಆಯಿತು. ವಿಲ್ಲೀಸ್ ಜೀಪಿನ ಭಾಗ ತರಿಸಿ ಜೋಡಿಸುತ್ತ, ಮುಂದೆ ತಾನೇ ತಯಾರಿಸುತ್ತ ಅದು ಬೆಳೆಯಿತು. ಪಿಡಬ್ಲ್ಯುಡಿ ಎಂಜಿನಿಯರು, ಸಬ್‌ ಇನ್ಸ್‌ಪೆಕ್ಟರು, ಚುನಾವಣೆ ಅಭ್ಯರ್ಥಿ, ಡೇರೆ ಸಿನಿಮಾದ ಪ್ರಚಾರದ ಮೈಕು, ಇಷ್ಟೂ ಜನರನ್ನು ಹೊತ್ತದ್ದು ಈ ಜೀಪೇ.

ವೇಷ ಕಟ್ಟುವುದು ಹೇಗೆ?

ಅಸಲಿ ಯುದ್ಧದ ಜೀಪು ಇವತ್ತು ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಹಾಗಾಗಿ ಮನೆಯಲ್ಲೇ ಇರುವ ಮಹೀಂದ್ರಾಕ್ಕೆ ವೇಷ ಹಾಕುವ ಆಸೆ. ಕತ್ತರಿಸಿ ಕೂಡಿಸುವ ಕೈಚಳಕಕ್ಕೆ ಉತ್ತರದಲ್ಲಿ ಮಂಡಿ ದಬ್ವಾಲಿ ಎಂಬ ಊರು ಹೆಸರುವಾಸಿ. ಜೀಪಿನ ತಗಡಿನ ಮೈ ಅಲ್ಲಿ ಹೊಸದಾಗಿಯೇ ತಯಾರಾಗುತ್ತದೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿ ಸಾಲು, ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ ಇದ್ದೇ ಇವೆ. ಸಲಿಕೆ, ಕೊಡಲಿ, ಚರ್ಮದ ಪಟ್ಟಿ ಬೇಕಾದರೆ ಎಸ್.ಜೆ.ಪಿ. ರಸ್ತೆ.

ವ್ಯತ್ಯಾಸಗಳನ್ನು ಒಂದೊಂದಾಗಿ ನೋಡಿ. ಮೊದಲನೆಯದು ಮೂತಿ. ಯುದ್ಧದ ಜೀಪಿನ ಮುಂದಿನ ಜಾಲರಿಗೆ ಒಂಬತ್ತು ಸೀಳು, ಯುದ್ಧದ ನಂತರ ಜನರಿಗೆಂದು ಬಂದ ವಿಲ್ಲೀಸ್ ಜೀಪಿಗೆ ಏಳು. ದೀಪದ ಕಥೆಯೂ ಹಾಗೇ. ಅಸಲಿಯಲ್ಲಿ ಪುಟ್ಟ ದೀಪಗಳು ಜಾಲರಿಯ ಹಿಂದೆ ಅಡಗಿ ಕೂತಿರುತ್ತವೆ. ಕೀಲಿನ ಮೇಲೆ ಅವನ್ನು ಹಿಂದಕ್ಕೆ ತಿರುಗಿಸಿದರೆ ಎಂಜಿನ್ನಿನ ಮೇಲೆ ಬೆಳಕು ಬೀಳುತ್ತದೆ. ರಾತ್ರಿ ರಿಪೇರಿಗೆ ಟಾರ್ಚು ಹಿಡಿಯುವ ಹುಡುಗನೇ ಬೇಡ! ನಾಗರಿಕ ಜೀಪಿನ ದೀಪ ದೊಡ್ಡದು, ಮುಂದೆಯೇ ಇರುತ್ತದೆ.

ಎರಡನೆಯದು ಬೆನ್ನು. ನಾಗರಿಕ ಜೀಪಿಗೆ ಹಿಂದೆ ಇಳಿಸುವ ಬಾಗಿಲುಂಟು. ಮೂಟೆ ಏರಿಸಲು ಅನುಕೂಲ. ಯುದ್ಧದ ಜೀಪಿಗೆ ಆ ಬಾಗಿಲಿಲ್ಲ, ಮುಚ್ಚಿದ ತಗಡು. ಸ್ಟೆಪ್ನಿ ಮತ್ತು ಪೆಟ್ರೋಲ್ ಡಬ್ಬ ಅದರ ಮೇಲೇ ನೇತಾಡುತ್ತವೆ. ಮೂರನೆಯದು ಮುಂಗಾಜು. ಅಸಲಿಯಲ್ಲಿ ಎರಡು ತುಂಡು. ನಾಲ್ಕನೆಯದು ಪೆಟ್ರೋಲ್ ಮುಚ್ಚಳ. ಅಸಲಿಯಲ್ಲಿ ಅದು ಡ್ರೈವರ್ ಸೀಟಿನ ಕೆಳಗೆ! ಬಂಕಿನಲ್ಲಿ ಡ್ರೈವರ್ ಎದ್ದು ನಿಂತು ಸೀಟು ಎತ್ತಬೇಕು. ನಾಗರಿಕ ಜೀಪಿನಲ್ಲಿ ಮುಚ್ಚಳ ಹೊರಗಿನ ಪಕ್ಕೆಗೆ ಬಂತು.

ಇಲ್ಲಿಯವರೆಗೆ ತಗಡು ಕೆಲಸ. ನಿಜವಾದ ತಲೆನೋವು ಬಾನೆಟ್ಟಿನದು. ನಮ್ಮಲ್ಲಿ ಹೆಚ್ಚು ಓಡಾಡಿದ್ದು 'ಸಿಜೆ-3ಬಿ' ಮಾದರಿ, 1953ರಲ್ಲಿ ವಿಲ್ಲೀಸ್ ಹೊರತಂದದ್ದು. ಅದರ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲ್ ಒಳಗೆ ಬಿಡುವ ವಾಲ್ವುಗಳು ತಲೆಯ ಮೇಲೆ ಕೂತಿವೆ. ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಎತ್ತರವಾಯಿತು. ಯುದ್ಧದ ಜೀಪಿನ ಬಾನೆಟ್ಟು ತಗ್ಗು, ಚಪ್ಪಟೆ. ಬಾನೆಟ್ ತಗ್ಗಿಸಲು ಹೋದರೆ ಎಂಜಿನ್ ತಲೆ ತಾಗುತ್ತದೆ. ಎಂಜಿನ್ ಬದಲಿಸಲು ಹೋದರೆ ಕಾನೂನು ತಾಗುತ್ತದೆ.

ಕೊನೆಯದು ಸ್ಟಿಯರಿಂಗ್. ಅಮೆರಿಕದ ಯುದ್ಧದ ಜೀಪು ಎಡಗೈ ಗಾಡಿ. ನಮ್ಮದು ಬಲಗಡೆ. ಎಷ್ಟೇ ಚೆನ್ನಾಗಿ ವೇಷ ಕಟ್ಟಿದರೂ ಬಲ್ಲವರು ಡ್ರೈವರ್ ಕೂತ ಜಾಗ ನೋಡಿಯೇ "ಇದು ಡೂಪು ಗುರೂ" ಎಂದುಬಿಡುತ್ತಾರೆ. ಯಕ್ಷಗಾನದ ಭೀಮ ಕೈಗಡಿಯಾರ ಕಟ್ಟಿಕೊಂಡು ರಂಗಕ್ಕೆ ಬಂದಂತೆ!

ಹಸಿರು ಬಣ್ಣಕ್ಕೆ ಅಡ್ಡಿ

ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ತಗಡಿನ ಕೆಲಸವೆಲ್ಲ ಮುಗಿದು ಬಣ್ಣದ ಡಬ್ಬ ತೆರೆದಾಗಲೇ ಅಸಲಿ ತೊಡಕು ಶುರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ ಬಣ್ಣದ ಬಗ್ಗೆಯೇ ಇದೆ. ಸೈನ್ಯದ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು; ಖಾಸಗಿ ಗಾಡಿಗೆ ಅದನ್ನು ಬಳಿಯುವಂತಿಲ್ಲ. "ಅರೆ, ನನ್ನ ಗಾಡಿ, ನನ್ನ ದುಡ್ಡು, ನನ್ನ ಬಣ್ಣ" ಎಂದರೆ ನಡೆಯದು.

ಇದೇನು ಕಿರಿಕಿರಿ ಎನ್ನಬೇಡಿ, ಕಾರಣವಿದೆ. ಸೈನ್ಯದ ಗಾಡಿ ಎಂದರೆ ಜನ ದಾರಿ ಬಿಡುತ್ತಾರೆ, ಕಾವಲಿನವರು ಒಂದು ಕ್ಷಣ ಅನುಮಾನಿಸದೆ ಗೇಟು ತೆರೆದಾರು. ಆ ನಂಬಿಕೆಯನ್ನು ಯಾರು ಬೇಕಾದರೂ ಲೀಟರ್ ಲೆಕ್ಕದಲ್ಲಿ ಬಣ್ಣದಂಗಡಿಯಿಂದ ಕೊಳ್ಳುವಂತಾದರೆ ಗತಿಯೇನು? ಹಲಸೂರಿನ ಕಡೆ ನಿತ್ಯ ಸೈನ್ಯದ ಗಾಡಿ ಓಡಾಡುವ ಊರು ನಮ್ಮದು. ಇಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಬೇರೆ ಬಣ್ಣವಾದರೂ ಸುಮ್ಮನೆ ಬಳಿಯುವಂತಿಲ್ಲ. ಆರ್‌ಸಿಯಲ್ಲಿ ಬಿಳಿ ಎಂದಿದ್ದು ರಸ್ತೆಯಲ್ಲಿ ಮಣ್ಣಿನ ಬಣ್ಣ ಕಂಡರೆ ಆರ್‌ಟಿಓಗೆ ಅರ್ಜಿ ಹಾಕಿ ಬದಲಾವಣೆ ಬರೆಸಿಕೊಂಡಿರಬೇಕು. ನಂಬರ್ ಪ್ಲೇಟೂ ಅಷ್ಟೆ. ಬಾನೆಟ್ ಮೇಲೆ ಯುದ್ಧಕಾಲದ ಅಂಕಿ ಬರೆದುಕೊಂಡು ಅದೇ ನಂಬರ್ ಎಂದರೆ ಟ್ರಾಫಿಕ್ ಪೊಲೀಸರು ಕೇಳುವುದಿಲ್ಲ. ಮೇಲಕ್ಕೆ ಮೂತಿ ಮಾಡಿದ ಬಾಣದ ಗುರುತು ನಮ್ಮ ಸೈನ್ಯದ ನಂಬರಿನದು, ಅದಂತೂ ಬೇಡವೇ ಬೇಡ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳಿಗೂ ಸುರಕ್ಷಾ ನಂಬರ್ ಪ್ಲೇಟು ಹಾಕಿಸಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶಿಸಿದೆ.

52ನೇ ಕಲಮಿನ ಕತ್ತರಿ

ಇನ್ನು ದೊಡ್ಡ ಕತ್ತರಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ಕಾರ್ಖಾನೆಯವರು ಹೇಳಿದ ವಿವರಕ್ಕೂ ಗಾಡಿಗೂ ತಾಳೆ ತಪ್ಪುವಂತೆ ಮಾರ್ಪಡಿಸಬಾರದು ಎಂಬುದು ಅದರ ಸಾರ. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಂತು: ಅಕ್ರಮ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡೂ. "ಒಂದೊಂದಕ್ಕೂ" ಎಂಬ ಮಾತನ್ನು ಗಮನಿಸಿ. ಮೂತಿ, ಬೆನ್ನು, ಎಂಜಿನ್, ಸ್ಟಿಯರಿಂಗ್ ಎಂದು ಬೆರಳು ಮಡಿಸುತ್ತ ಹೋದರೆ ಅಂಗೈ ಸಾಲದು!

ಹಳೇ ಜೀಪುಗಳಿಗೆ ಇನ್ನೊಂದು ಪೀಕಲಾಟವಿದೆ. 1973ರಲ್ಲಿ ಜಗತ್ತಿನಲ್ಲೆಲ್ಲ ಎಣ್ಣೆ ಬೆಲೆ ನೆತ್ತಿಗೇರಿದ ಮೇಲೆ ಎಷ್ಟೋ ಪೆಟ್ರೋಲ್ ಜೀಪುಗಳ ಹೊಟ್ಟೆಗೆ ಡೀಸೆಲ್ ಎಂಜಿನ್ ಸೇರಿತು. ಕೆಲವರು ಅದನ್ನು ಬರೆಸಿದರು, ಕೆಲವರು ಬರೆಸಲಿಲ್ಲ. ಇವತ್ತು ವೇಷ ಹಾಕಲು ಗಾಡಿ ಕೊಂಡವರಿಗೆ ಆ ಹಳೇ ಪಾಪವೂ ಜೊತೆಗೇ ಬರುತ್ತದೆ. ಖಾಸಗಿ ಗಾಡಿಗೆ 15 ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಲ್ಲ, ಆಗ ಜಯನಗರದ ಆರ್‌ಟಿಓ ಇನ್ಸ್‌ಪೆಕ್ಟರ್ ಬಾನೆಟ್ ಎತ್ತಿಸಿ ಚಾಸಿ ನಂಬರ್, ಎಂಜಿನ್ ನಂಬರ್ ತಾಳೆ ನೋಡುತ್ತಾರೆ. ಬಿಳಿ ನಕ್ಷತ್ರ ನೋಡಿ ಸಲ್ಯೂಟ್ ಹೊಡೆಯುವುದಿಲ್ಲ.

ಕೈಗೆ ಬಂದ ತುತ್ತು

ಇದೆಲ್ಲ ದಂಡದ ಮಾತಾಯಿತು. ನಷ್ಟದ ಮಾತು ಇನ್ನೂ ದೊಡ್ಡದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ಗಾಡಿಗೆ 'ವಿಎ' ಅಕ್ಷರವುಳ್ಳ ಪ್ರತ್ಯೇಕ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಬಾಳಿಕೆ, ಆಮೇಲೆ ನವೀಕರಣಕ್ಕೆ 5,000. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಷ್ಟಕ್ಕೆ ರಸ್ತೆಗಿಳಿಸಬಹುದು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಅಲ್ಲ.

ಆದರೆ ಷರತ್ತೊಂದಿದೆ. ಗಾಡಿ ಮೂಲರೂಪದಲ್ಲೇ ಇರಬೇಕು. ಚಾಸಿ, ಮೈ, ಎಂಜಿನ್ ಯಾವುದನ್ನೂ ತಿದ್ದಿರಬಾರದು.

ಈಗ ಯೋಚಿಸಿ. 1960ರ ದಶಕದ ಒಂದು ಮಹೀಂದ್ರಾ ಜೀಪು. ಹಳೇ ಮೈಸೂರು ರಾಜ್ಯದ 'ಎಂವೈ' ಎಂದು ಶುರುವಾಗುವ ನಂಬರು. ಇದ್ದ ಹಾಗೇ ತುಕ್ಕು ಕೆರೆದು, ಎಣ್ಣೆ ಬಿಟ್ಟು, ಹಳೇ ಬಣ್ಣವನ್ನೇ ಬಳಿದು ನಿಲ್ಲಿಸಿದರೆ ಅದು ವಿಂಟೇಜ್. ಹಿಂಬಾಗಿಲು ಬೆಸೆದು, ಮೂತಿ ಕತ್ತರಿಸಿ, 1942ರ ಅಮೆರಿಕದ ಗಾಡಿಯಂತೆ ಮಾಡಿದರೆ ಅದು ಅತ್ತ ಅಸಲಿ ವಿಲ್ಲೀಸೂ ಅಲ್ಲ, ಇತ್ತ ಅಸಲಿ ಮಹೀಂದ್ರಾವೂ ಅಲ್ಲ. ಇನ್ನೂ ಇಪ್ಪತ್ತು ವರ್ಷ ಹಳೆಯದಾಗಿ ಕಾಣಲು ಹೋಗಿ, ಇದ್ದ ಅರವತ್ತು ವರ್ಷದ ಹಿರಿತನವನ್ನೇ ಕಳಕೊಂಡಂತೆ!

ಹಾಗಾದರೆ ಆಸೆಯೇ ಪಡಬಾರದೆ? ಹಾಗೇನಿಲ್ಲ. ಗ್ಯಾರೇಜಿನ ಹಳೇ ಬುದ್ಧಿಮಾತೊಂದಿದೆ: ಬೋಲ್ಟು ಹಾಕಿದ್ದು ಬಿಚ್ಚಬಹುದು, ಗ್ಯಾಸ್ ಕಟಿಂಗ್ ಮಾಡಿದ್ದು ಮತ್ತೆ ಬರೋದಿಲ್ಲ. ಸಲಿಕೆ, ಕೊಡಲಿಯನ್ನು ಪಟ್ಟಿಯಲ್ಲಿ ಬಿಗಿಯಬಹುದು. ಕ್ಯಾನ್ವಾಸ್ ಟಾಪು ಹೊಲಿಸಬಹುದು. ಖಾಲಿ ಡಬ್ಬ ನೇತುಹಾಕಬಹುದು. ಖಾಲಿ ಎಂಬುದನ್ನು ಮರೆಯಬೇಡಿ. ಸಿಲ್ಕ್ ಬೋರ್ಡಿನ ಗದ್ದಲದಲ್ಲಿ ಹಿಂದಿನಿಂದ ಯಾರಾದರೂ ಗುದ್ದಿದರೆ ಪೆಟ್ರೋಲ್ ತುಂಬಿದ ಡಬ್ಬ ಬಾಂಬೇ ಸರಿ. ನಾಟಕದ ದಿನ, ಮೆರವಣಿಗೆಯ ದಿನ ಹಾಕಿ, ಮರುದಿನ ಬಿಚ್ಚಿಡುವಂಥ ವೇಷವಾದರೆ ಜೀಪಿನ ಮೈಗೆ ಗಾಯವಿಲ್ಲ. ದೀಪ, ಇಂಡಿಕೇಟರ್, ಬ್ರೇಕು ಮಾತ್ರ ಇಂದಿನವೇ ಇರಲಿ. ಯುದ್ಧಕಾಲದ ಆರು ವೋಲ್ಟಿನ ಮಿಣುಕು ದೀಪದಲ್ಲಿ ರಿಂಗ್ ರಸ್ತೆಯ ಗುಂಡಿ ಕಾಣುವುದಿಲ್ಲ.

ಸಿಪಾಯಿ ಮನೆಯಲ್ಲೇ ಇದ್ದಾನೆ

ಅದಿರಲಿ, ಇಷ್ಟಕ್ಕೂ ಮಹೀಂದ್ರಾ ಜೀಪು ಅಮೆರಿಕದ ನಕ್ಷತ್ರ ಯಾಕೆ ಹೊರಬೇಕು? ಅದಕ್ಕೇನು ತನ್ನದೇ ಚರಿತ್ರೆ ಇಲ್ಲವೆ?

1965ರ ಸೆಪ್ಟೆಂಬರ್. ಪಂಜಾಬಿನ ಖೇಮ್‌ಕರಣ್ ಪ್ರದೇಶದ ಅಸಲ್ ಉತ್ತರ್. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಕಬ್ಬಿನ ಗದ್ದೆಯ ನಡುವೆ ನುಗ್ಗಿ ಬರುತ್ತಿವೆ. ನಾಲ್ಕನೇ ಗ್ರೆನೇಡಿಯರ್ಸ್‌ನ ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲೆ ಕೂರಿಸಿದ ಟ್ಯಾಂಕು ನಾಶಕ ತೋಪಿನಿಂದ ಒಂದೊಂದೇ ಟ್ಯಾಂಕನ್ನು ಉರುಳಿಸಿ ಅಲ್ಲೇ ಪ್ರಾಣ ಕೊಟ್ಟರು. ದೇಶ ಅವರಿಗೆ ಪರಮವೀರ ಚಕ್ರ ಕೊಟ್ಟಿತು. ಉಕ್ಕಿನ ಬೆಟ್ಟದಂಥ ಟ್ಯಾಂಕಿನೆದುರು ಮೈಗೆ ರಕ್ಷಾಕವಚವೂ ಇಲ್ಲದ ತೆರೆದ ಜೀಪು!

ನಮ್ಮ ಸೈನ್ಯ ದಶಕಗಟ್ಟಲೆ ಓಡಿಸಿದ ಜೀಪುಗಳಲ್ಲಿ ಈ ಎತ್ತರ ಬಾನೆಟ್ಟಿನ ಮಹೀಂದ್ರಾವೂ ಇತ್ತು. ಕನ್ನಡದ ಪರದೆಯ ಮೇಲೂ ಸೈನಿಕನ ಬಾಳು ಬಂದಿದೆ. 1990ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ'ದಲ್ಲಿ ವಿಷ್ಣುವರ್ಧನ್ ಕೊಡಗಿನ ಸೈನಿಕನಾಗಿ ನಿಂತದ್ದನ್ನು ಜನ ಮರೆತಿಲ್ಲ. ಜೀಪಿನ ಮೋಹ ಹೀಗೆ ಹಲವು ದಾರಿಯಿಂದ ಮನೆಯೊಳಗೆ ಬಂದಿದೆ. ಮಂದಲಪಟ್ಟಿಯ ಕಡಿದಾದ ದಾರಿಯಲ್ಲಿ ಪ್ರವಾಸಿಗರನ್ನು ಹೊತ್ತು ಇವತ್ತೂ ಏದುಸಿರು ಬಿಡುತ್ತಿರುವ ಜೀಪುಗಳೂ ಇದೇ ವಂಶದವು.

ಆದ್ದರಿಂದ ಗ್ಯಾರೇಜಿಗೆ ಗಾಡಿ ಬಿಡುವ ಮುನ್ನ ಧಣಿಗಳು ಒಂದು ರಾತ್ರಿ ಯೋಚಿಸುವುದು ಒಳ್ಳೆಯದು. ಮೊದಲು ಆರ್‌ಸಿ ತೆಗೆದು ಚಾಸಿ ನಂಬರ್ ತಾಳೆ ನೋಡಿ. ಐವತ್ತು ದಾಟಿದೆಯೋ ಲೆಕ್ಕ ಹಾಕಿ. ಗಾಡಿಯ ನಾಲ್ಕೂ ಕಡೆಯ ಫೋಟೋ ತೆಗೆದಿಡಿ. ಕಿತ್ತ ಭಾಗವನ್ನು ಗುಜರಿಗೆ ಹಾಕದೆ ಗೋಣಿಚೀಲದಲ್ಲಿ ಕಟ್ಟಿಡಿ. ಏಳು ಸೀಳಿನ ಮೂತಿಯನ್ನು ಇವತ್ತು ಕೆಜಿ ಲೆಕ್ಕದಲ್ಲಿ ಮಾರಿದವರು ನಾಳೆ ಅದನ್ನೇ ಹುಡುಕಿಕೊಂಡು ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಸುತ್ತಬೇಕಾದೀತು.

ಆಗ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಜನ ಕತ್ತು ತಿರುಗಿಸದೆ ಇರುತ್ತಾರೆಯೇ? ತಿರುಗಿಸುತ್ತಾರೆ. "ಮಿಲಿಟರಿ ಬಂತು" ಎನ್ನದಿರಬಹುದು. "ಅಯ್ಯೋ, ಇದು ನಮ್ಮೂರಿನ ಓವರ್‌ಸಿಯರ್ ಜೀಪು ಇದ್ದಂಗೇ ಇದೆಯಲ್ಲೋ!" ಎಂದು ಯಾರಾದರೂ ವಯಸ್ಸಾದವರು ಹತ್ತಿರ ಬಂದು ಬಾನೆಟ್ ತಟ್ಟಿ ನೋಡಿಯಾರು. ಅಷ್ಟರಲ್ಲಿ ಬನಶಂಕರಿ ಬಸ್ಸು ಬಂದರೆ ಅವರ ಅದೃಷ್ಟ.